ಎರಡು ತಿಂಗಳಿಗೊಮ್ಮೆ

ಹೊಸೂರಿನಾಚೆ, ಬಾಗಲೂರು ರಸ್ತೆಯ ಈ ಬಡಾವಣೆಗೆ
ಎರಡು ತಿಂಗಳಿಗೊಮ್ಮೆ ನಾನು ಬರುತ್ತೇನೆ.
ಹೆಸರು ಯಾರೂ ಕೇಳಿಲ್ಲ. ಈಬಿ ಅಕ್ಕ, ಅಷ್ಟೆ.
ನಾಯಿಗಳಿಗೆ ಗೊತ್ತು ನನ್ನ ಚಪ್ಪಲಿಯ ಸದ್ದು.

ಮೊದಲ ಸಲ ಬಂದಾಗ ಇದ್ದದ್ದು ಮೂವತ್ತೊಂದು ಮೀಟರು,
ಅದರಾಚೆ ಕೋಸಿನ ಹೊಲ.
ಮುನಿತಾಯಮ್ಮನ ಮನೆಗೆ ಎರಡು ಬಲ್ಬು, ಒಂದು ರೇಡಿಯೋ,
ಹದಿನೆಂಟು ಯೂನಿಟ್ಟು.
"ಇನ್ನೊಂದ್ಸಲ ನೋಡವ್ವ, ಅಷ್ಟೊಂದು ಯಾರು ಉರಿಸ್ದೋರು?"
ಕನ್ನಡದಲ್ಲಿ ಬೈದು, ತೆಲುಗಿನಲ್ಲಿ ನಕ್ಕು,
ಕಾರ್ಡಿನ ಮೇಲಿನ ತಮಿಳನ್ನು ನನ್ನಿಂದಲೇ ಓದಿಸಿ
ದೇವರ ಪಟದ ಹಿಂದೆ ಸಿಕ್ಕಿಸಿ
ಮಜ್ಜಿಗೆ ಕೊಟ್ಟಿದ್ದಳು.

ಆಮೇಲೆ ಧರ್ಮಪುರಿ, ಸೇಲಂ ಕಡೆಯವರು ಬಂದರು,
ಮೋಟಾರು ಕಂಪನಿಯ ನೀಲಿ ಅಂಗಿಗಳು.
ನೂರು ಯೂನಿಟ್ಟು ಪುಕ್ಕಟೆ ಅಂತ ಸರ್ಕಾರ ಹೇಳಿದ ವರ್ಷ
ತೊಂಬತ್ತಾರು, ತೊಂಬತ್ತೆಂಟು, ತೊಂಬತ್ತೊಂಬತ್ತು.
ಗೆರೆ ದಾಟಬಾರದೆಂದು ಮಲರ್‌ವಿಳಿ
ರಾತ್ರಿ ಫ್ರಿಜ್ಜನ್ನೇ ಆರಿಸಿ ಮಲಗುತ್ತಿದ್ದಳು.

ಎಕರೆ ಸೆಂಟಾಯಿತು, ಸೆಂಟು ಚದರಡಿಯಾಯಿತು,
ಚದರಡಿಗೊಂದು ಗೇಟು ಬಂತು.
ಗೇಟಿಗೆ ಕಾವಲುಗಾರ, ಮುನಿತಾಯಮ್ಮನ ಮೊಮ್ಮಗ,
ತಲೆ ಎತ್ತದೆ ಪುಸ್ತಕದಲ್ಲಿ ನನ್ನ ಸಹಿ ಪಡೆಯುತ್ತಾನೆ.
ಒಳಗೆ ಐದು ಏಸಿ, ಒಂದು ಮೀನಿನ ತೊಟ್ಟಿ,
ಸಾವಿರದ ನಾಲ್ಕುನೂರು ಯೂನಿಟ್ಟು.
ಅಲ್ಲಿ ಬಾಗಿಲು ತೆರೆಯುವವರು ಮನೆಯವರಲ್ಲ.
ಆ ಬಿಲ್ಲಿನಲ್ಲೂ ಮೊದಲ ನೂರು ಪುಕ್ಕಟೆ,
ಅದನ್ನವರು ಗಮನಿಸಿಲ್ಲ.

ಗೇಟಿನ ಬೆನ್ನಿಗೆ ಲೈನ್ ಮನೆಗಳು, ಹತ್ತಕ್ಕೆ ಹತ್ತು.
ಕೊಕ್ರಾಝಾರಿನ ಹುಡುಗಿಯರು, ಫೋನು ಜೋಡಿಸುವವರು.
ಗಂಜಾಮಿನ ಹುಡುಗರು, ಸೆಂಟ್ರಿಂಗ್ ಹೊಡೆಯುವವರು.
ಮೂಲೆ ಅಂಗಡಿಯಲ್ಲಿ ಸಾಸಿವೆ ಎಣ್ಣೆ ಸಿಗುತ್ತದೆ ಈಗ;
ರಾಗಿಹಿಟ್ಟು ಕೇಳಿದರೆ "ಡಯಟ್ಟಾ?" ಅನ್ನುತ್ತಾನೆ.
ಹುಡುಗಿಯರ ಮುಖ ನೋಡಿ ಬೀದಿಯ ಮಕ್ಕಳು
ಚೈನಾ ಚೈನಾ ಅಂತ ಕೂಗುತ್ತವೆ.
ಒಮ್ಮೆ ರೂನು ನಿಂತಳು,
"ನಿಂದ್ಯಾವೂರು?" ಅಂತ ಹಿಂದಿಯಲ್ಲಿ ಕೇಳಿದಳು.
ಹುಡುಗ ತುಸು ಯೋಚಿಸಿ
ಅಪ್ಪನ ಊರು ಹೇಳಿದ. ಅದು ತಿರುವಣ್ಣಾಮಲೈ.

ಈ ಕೋಣೆಗಳಿಗೆ ನನ್ನ ಮೀಟರಿಲ್ಲ.
ಮಾಲೀಕರು ಹಾಕಿಸಿದ ಪುಟ್ಟ ಮೀಟರುಗಳು
ಗೋಡೆಗೆ ಕಚ್ಚಿಕೊಂಡ ಹಲ್ಲಿಗಳ ಹಾಗೆ ಸಾಲಾಗಿ.
ಯೂನಿಟ್ಟಿಗೆ ಹತ್ತು ರೂಪಾಯಿ, ಮೊದಲನೆಯದರಿಂದಲೇ.
ಫ್ಯಾನು ಸುತ್ತಿದಷ್ಟೂ ನಾಣ್ಯ ಬೀಳುತ್ತದೆ
ಮುಂದಿನ ಮನೆಯ ಡಬ್ಬಿಗೆ.

ಮುಂದಿನ ಮನೆ ಯಾರದು, ಹೇಳಿಬಿಡುತ್ತೇನೆ.
ನಮ್ಮದು.
ಹೊಲ ಮಾರಿದ ದುಡ್ಡಲ್ಲಿ ಎಬ್ಬಿಸಿದ ಏಳು ಕೋಣೆ,
ಮಗಳ ನರ್ಸಿಂಗ್ ಫೀಸು ಹುಟ್ಟುವುದು ಅಲ್ಲೇ.
ಅತ್ತೆ ಚೌಡಮ್ಮನಿಗೆ ಅಕ್ಷರ ಬಾರದು.
ಹತ್ತರ ಮಗ್ಗಿ ಬರುತ್ತದೆ.

ನಿನ್ನೆ ರೂನು ಬಟ್ಟೆ ಹಿಂಡುತ್ತಾ ಕೇಳಿದಳು:
"ದೀದಿ, ನೀವು ಬರೆಯೋ ಕಾರ್ಡಲ್ಲಿ ನಾವು ಎಲ್ಲಿದೀವಿ?"
ತೆಗೆದು ತೋರಿಸಿದೆ. ಹಳದಿಗಟ್ಟಿದ ಬಿಳಿ ಕಾರ್ಡು.
ಒಂದೇ ಹೆಸರು, ನಮ್ಮ ಮಾವನದು,
ತೀರಿಕೊಂಡು ಒಂಬತ್ತು ವರ್ಷವಾಯಿತು.
ಒಂದೇ ಮನೆ. ಬಳಕೆ ಏಳುನೂರ ಹನ್ನೆರಡು.

ಕಾರ್ಡು ತುಂಬುವುದು ತಮಿಳಿನಲ್ಲಿ,
ಎಣಿಸುವುದು ಇವತ್ತಿಗೂ ಕನ್ನಡದಲ್ಲಿ.
ಮನೆಯೊಳಗೆ ನಾಲ್ಕು ಜನ, ಕೋಣೆಗಳಲ್ಲಿ ಇಪ್ಪತ್ತೊಂದು.
ಪುಕ್ಕಟೆ ನೂರನ್ನು ಇಪ್ಪತ್ತೈದರಿಂದ ಭಾಗಿಸಿದೆ.
ಶೇಷ ಉಳಿಯಲಿಲ್ಲ.
ಉಳಿದಿದ್ದರೆ ಅದರ ಮೇಲಾದರೂ ತಪ್ಪು ಹೊರಿಸಬಹುದಿತ್ತು.

"ನಾಲ್ಕು" ಅಂದೆ. ಅವಳಿಗೆ ತಿಳಿಯಲಿಲ್ಲ.
ಬೆರಳು ಮಡಚಿ ತೋರಿಸಿದೆ.
ಅವಳೂ ಒದ್ದೆ ಕೈಯ ನಾಲ್ಕು ಬೆರಳು ಎತ್ತಿ
ಏನೆಂದು ಕೇಳದೆ ನಕ್ಕಳು.

ಒಳಗಿನಿಂದ ಅತ್ತೆ:
"ಯಾರ್ಗೆ ಏನು ಎಣಿಸ್ಕೊಡ್ತಿದೀಯೇ ಅಲ್ಲಿ?"